ಕೊನೆಯ ಸಾಲಿನ ಹೆಸರು

ವರ್ಷಗಟ್ಟಲೆ ಯಾರೂ ತೆರೆಯದ ಕಡತ ಇನ್ನು ಬದುಕಬಾರದು ಎಂದು ಸರ್ಕಾರ ಕಾಯಿದೆ ತಂದಾಗ ಜನ ಮೊದಲು ನಕ್ಕರು, ಆಮೇಲೆ ಬೈದರು, ಕಡೆಗೆ ಎಲ್ಲ ಕಾಯಿದೆಗಳಿಗೂ ಒಗ್ಗಿಕೊಂಡ ಹಾಗೆ ಇದಕ್ಕೂ ಒಗ್ಗಿಕೊಂಡರು. ತಪ್ಪು ಸರ್ಕಾರದ್ದೊಂದೇ ಎನ್ನುವ ಹಾಗೂ ಇರಲಿಲ್ಲ. ಹೊಲದ ಉತಾರ, ಶಾಲೆಯ ಮಾರ್ಕ್ಸ್ ಕಾರ್ಡು, ಡಾಕ್ಟರ ಚೀಟಿ, ಮದುವೆಯ ವಿಡಿಯೋ, ಮೊಮ್ಮಗ ಸೀನಿದ ವಿಡಿಯೋ, ಎಲ್ಲವನ್ನೂ ಜನ ಮುಗಿಲಿಗೆ ಏರಿಸಿ ಕೈ ತೊಳೆದುಕೊಂಡಿದ್ದರು. ಹೆಸರಿಗೆ ಮುಗಿಲು, ಇದ್ದದ್ದು ನೆಲದ ಮೇಲೆ. ಗದಗಿನಾಚೆ ಕಪ್ಪತಗುಡ್ಡದ ಬುಡದಲ್ಲಿ ಉದ್ದಾನುದ್ದ ಶೆಡ್ಡುಗಳು, ಶೆಡ್ಡಿನ ತುಂಬ ಬಿಸಿಯಾಗಿ ಗುಂಯ್‌ಗುಡುವ ಯಂತ್ರಗಳು. ಗುಡ್ಡದ ಮೇಲಿನ ಗಾಳಿಯಂತ್ರಗಳು ಅವಕ್ಕೆ ಕರೆಂಟು ಕೊಡಬೇಕು, ಒಂದು ಊರು ಕುಡಿಯುವಷ್ಟು ನೀರು ಅವನ್ನು ತಂಪಾಗಿಡಬೇಕು. ಊರಿಗೇ ನೀರು ಸಾಲದ ಕಾಲದಲ್ಲಿ ಮೊಮ್ಮಗನ ಸೀನಿಗೆ ಎಷ್ಟು ನೀರು ಕೊಡುವುದು?

ಅದಕ್ಕೇ ಸ್ಪರ್ಶ ಕಾಯಿದೆ. ಪ್ರತಿ ಕಡತಕ್ಕೂ ಅದನ್ನು ಕೊನೆಯ ಸಲ ಯಾವಾಗ ತೆರೆದರೆಂಬ ಮುದ್ರೆ ಇರುತ್ತದೆ. ವರ್ಷಕ್ಕೊಮ್ಮೆ, ಮಹಾನವಮಿಯ ದಿನ, ಪೊರಕೆ ಎಂಬ ಪ್ರೋಗ್ರಾಮು ಒಂದೊಂದೇ ಫೋಲ್ಡರಿಗೆ ಹೊಕ್ಕು, ವರ್ಷ ಮೀರಿದ ಮುದ್ರೆಯವನ್ನೆಲ್ಲ ಗುಡಿಸಿಹಾಕುತ್ತದೆ. ಗುಡಿಸಿದ್ದು ಮತ್ತೆ ಬರುವುದಿಲ್ಲ. ನವಮಿಗೆ ಕಚೇರಿಗಳಿಗೆ ರಜೆ, ಯಂತ್ರಗಳ ಮೇಲೆ ಹೊರೆ ಕಡಿಮೆ ಎಂದು ಯಾರೋ ಅಧಿಕಾರಿ ಆ ದಿನ ಆರಿಸಿದ್ದ. ಆತ ತನ್ನ ಮನೆಯಲ್ಲಿ ಒಂದು ಸಲವೂ ಪುಸ್ತಕ ಪೂಜೆಗೆ ಇಟ್ಟವನಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಕಪ್ಪತಗುಡ್ಡದ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದ ಕಸ್ತೂರಿ ಹೊಂಬಳ ಬರೆದ ಒಂದು ಚಿಕ್ಕ ಸಾಫ್ಟ್‌ವೇರಿನಿಂದ ಈ ಕಥೆ ಹುಟ್ಟಿತು. ಅದರ ಹೆಸರು ಕಣ್ಣೋಟ. ನಿಮ್ಮ ಫೋಲ್ಡರಿನಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿ ತೋರಿಸುವುದಷ್ಟೇ ಅದರ ಕೆಲಸ: ಕಡತದ ಹೆಸರು, ಗಾತ್ರ, ಕೊನೆಯ ಸಲ ತೆರೆದ ತಾರೀಕು. ಬರೀ ಹೆಸರುಗಳ ಪಟ್ಟಿ ಬೋಳುಬೋಳಾಗಿ ಕಾಣುತ್ತದೆಂದು ಕಸ್ತೂರಿ ಪ್ರತಿ ಸಾಲಿನ ಪಕ್ಕ ಒಂದು ಪುಟ್ಟ ಚಿತ್ರ ಬರುವ ಹಾಗೆ ಮಾಡಿದ್ದಳು. ಆ ಚಿತ್ರಕ್ಕಾಗಿ ಕಣ್ಣೋಟ ಪ್ರತಿ ಕಡತದೊಳಗೆ ಚೂರು ಇಣುಕುತ್ತಿತ್ತು. ಇಣುಕಿದ್ದನ್ನು ಯಂತ್ರ ತೆರೆದದ್ದೆಂದೇ ಲೆಕ್ಕ ಹಿಡಿದು ಹೊಸ ಮುದ್ರೆ ಒತ್ತುತ್ತಿತ್ತು. ಹೀಗೆ ಪಟ್ಟಿ ನೋಡಿದ ಮಾತ್ರಕ್ಕೇ ಎಲ್ಲ ಕಡತಗಳಿಗೂ ಇನ್ನೊಂದು ವರ್ಷದ ಆಯುಷ್ಯ ಸಿಗುತ್ತಿತ್ತು.

ಇದು ಜನರಿಗೆ ಹೇಗೋ ಗೊತ್ತಾಯಿತು. ಗೊತ್ತಾದದ್ದೇ ತಡ, ಮನೆಮನೆಯಲ್ಲೂ ಹೊಸ ಪದ್ಧತಿ ಹುಟ್ಟಿತು. ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ದಶಮಿಯವರೆಗೆ ತೆರೆಯುವ ಹಾಗಿಲ್ಲ, ಹತಾರ ಪೂಜೆಗೆ ಇಟ್ಟರೆ ಮುಟ್ಟುವ ಹಾಗಿಲ್ಲ. ಕಡತವೂ ಪುಸ್ತಕವೇ ಅಲ್ಲವೇ? ಆದ್ದರಿಂದ ನವಮಿಯ ಬೆಳಿಗ್ಗೆ ಫೋನನ್ನು ದೇವರ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಯಾವ ಕಡತವನ್ನೂ ತೆರೆಯದೆ ಮೇಲಿಂದ ಕೆಳಗೆ ಕಣ್ಣೋಟ ಹಾಯಿಸಿ ಕೈಮುಗಿಯುವುದು. ತೆರೆಯಲೂ ಇಲ್ಲ, ಅಳಿಯಲೂ ಇಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆ ವರ್ಷ ಭಾದ್ರಪದದಲ್ಲಿ ಶಿರೋಳ ಸಾಹೇಬರು ಕಸ್ತೂರಿಯನ್ನು ಒಳಗೆ ಕರೆದರು. ಕಂಟ್ರೋಲ್ ರೂಮಿನ ಹಿರಿಯರು ಅವರು. ಕೆಟ್ಟವರೇನಲ್ಲ, ದಣಿದವರು.

"ಕಸ್ತೂರಿಯವರ, ನಿಮ್ಮ ಕಣ್ಣೋಟ ಊರಿನ ಕಸಾ ಎಲ್ಲಾ ಕಾಯ್ಕೋತ ಕುಂತೈತಿ. ಆ ಇಣುಕೂದನ್ನ ತಗದ ಹಾಕ್ರಿ."

"ತಗೀತೀನ್ರಿ ಸರ್. ಆದ್ರ ಜನರಿಗೆ ಒಂದ ಮಾತ ಹೇಳೋಣ್ರಿ. ಪಟ್ಟಿ ನೋಡಿದ್ರ ಸಾಕು ಅಂತ ಅವ್ರು ನಂಬ್ಯಾರ."

"ಹೇಳಿದ್ರ ಒಂದ ದಿನದಾಗ ಎಲ್ಲಾರೂ ಎಲ್ಲಾನೂ ತೆರೀತಾರ. ಆ ಹೊರೀಗೆ ಯಂತ್ರ ಕುಂತವು ಅಂದ್ರ? ಆಸ್ಪತ್ರಿ ಕಡತಾನೂ ಇಲ್ಲೇ ಅದಾವು. ಯಾರದೋ ಹೊಟ್ಟಿ ಕೊಯ್ದಿಟ್ಟು ಡಾಕ್ಟ್ರು ಕಾಯ್ಕೋತ ನಿಂದ್ರಬೇಕೇನು? ಈ ಮಾತು ಈ ಗ್ವಾಡಿ ದಾಟಬಾರದು."

ಅವರು ಹೇಳಿದ್ದು ಸುಳ್ಳಲ್ಲ. ಅದೇ ಕಸ್ತೂರಿಗೆ ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ಇಣುಕುವ ಸಾಲುಗಳನ್ನು ತೆಗೆದಳು. ಇಣುಕಿ ಬಂದಿದ್ದ ಸುಳ್ಳು ಮುದ್ರೆಗಳೂ ಅಳಿಸಿಹೋಗಿ, ಪಟ್ಟಿಯಲ್ಲಿ ನಿಜವಾದ ತಾರೀಕುಗಳು ಮೇಲೆ ಬಂದವು. ನೋಟಕ್ಕೆ ಕಣ್ಣೋಟ ಮೊದಲಿನ ಹಾಗೇ ಇತ್ತು. ಮರುದಿನ ಚಹಾದ ಹೊತ್ತಿಗೆ ನೋಡುತ್ತಾಳೆ, ಕಂಟ್ರೋಲ್ ರೂಮಿನವರೆಲ್ಲ ಒಬ್ಬೊಬ್ಬರೇ ಮೂಲೆ ಹಿಡಿದು ತಮ್ಮ ತಮ್ಮ ಕಡತ ತೆರೆಯುತ್ತಿದ್ದರು. ಶಿರೋಳ ಸಾಹೇಬರ ಮೊಬೈಲಿನಿಂದ ತೀರಿಹೋದ ಅವರ ತಂದೆ ಕೆಮ್ಮಿ ನಗುವುದು ಕೇಳಿಸಿತು. ಕಸ್ತೂರಿಗೆ ನಾಚಿಕೆಯಾಯಿತು, ಆದರೆ ಅವಳೂ ತನ್ನವನ್ನು ತೆರೆದಳು.

ತನ್ನದಾಯಿತು, ಗಂಡನದಾಯಿತು. ಅತ್ತೆಯದನ್ನು ತೆರೆಯಲು ಬರುತ್ತಿರಲಿಲ್ಲ.

ಅತ್ತೆ ಚಂಪಾಬಾಯಿ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಂದು ತಲೆಮಾರಿಗೆ ಅಕ್ಷರ ಕಲಿಸಿದ ಮಾಸ್ತರಬಾಯಿ. ಓಣಿಯವರಿಗೆ ಈಗಲೂ ಅಕ್ಕೋರು. ಮಗ್ಗದ ಸದ್ದನ್ನೂ ಮೀರಿ ಕೇಳುವ ಕೊರಳು ಅವರದು. ಆ ಕೊರಳಿಗೇ ಹುಣ್ಣು ಬಂತು. ಕೊಯ್ದು ತೆಗೆಯಬೇಕು, ಕೊರಳು ಹೋಗುವ ಮುಂಚೆ ದನಿಯನ್ನು ತೆಗೆದಿಡಿ ಎಂದು ಡಾಕ್ಟರು ಹೇಳಿದಾಗ ಮಗಳು ಮಂದಾಕಿನಿ ಪಕ್ಕದಲ್ಲಿ ಕೂತು, ಮೈಕು ಹಿಡಿದು, ಅವ್ವನಿಂದ ಸಾವಿರಾರು ಮಾತು ಹೇಳಿಸಿದಳು. ಬಾ, ಹೋಗು, ಉಪ್ಪು, ಸಾರು, ಓಣಿಯವರ ಹೆಸರು, ಬಳಗದವರ ಹೆಸರು. ಮಾತಿಗೊಂದರಂತೆ ಅಷ್ಟೂ ಕಡತಗಳು ಮುಗಿಲೇರಿದವು. ಆಮೇಲೆ ಚಂಪಾಬಾಯಿ ಹಟ ಹಿಡಿದರು. ಕೊಯ್ಯುವುದು ಬೇಡ, ದನಿಯ ಜೊತೆಗೇ ಹೋಗುತ್ತೇನೆ ಎಂದರು. ಒಂದು ದಿನ ಉಸಿರು ಕಟ್ಟಿ ಎಚ್ಚರ ತಪ್ಪಿದಾಗ ಆಸ್ಪತ್ರೆಯಲ್ಲಿ ಕೊಯ್ಯಲು ಒಪ್ಪಿ ಸಹಿ ಮಾಡಿದವಳು ಮಂದಾಕಿನಿ.

ಅವರು ಬದುಕಿದರು, ಎದೆಯ ಮೇಲೆ ಕೊರಳಪೆಟ್ಟಿಗೆ ತೂಗುಬಿತ್ತು. ಬೆರಳಿನಿಂದ ಒತ್ತಿದ ಮಾತನ್ನು ಅದು ಮುಗಿಲಿನಿಂದ ತಂದು ಅವರದೇ ದನಿಯಲ್ಲಿ ಆಡುತ್ತದೆ. ದನಿ ಕದ್ದು ಮೋಸ ಮಾಡುವವರು ಹೆಚ್ಚಾದ ಮೇಲೆ ಯಂತ್ರ ಹೊಸ ಮಾತು ಹುಟ್ಟಿಸುವುದನ್ನು ಕಾನೂನು ನಿಷೇಧಿಸಿತ್ತು. ನಕಲು ತೆಗೆಯುವುದೂ ಅಪರಾಧ. ಒಡತಿಯ ಬೆರಳಲ್ಲದೆ ಬೇರೆ ಬೆರಳಿಗೆ ಆ ಕಡತ ತೆರೆಯುವುದಿಲ್ಲ. ಇದ್ದ ಮಾತೇ ಮಾತು, ಹೋದರೆ ಹೋಯಿತು. ಪೆಟ್ಟಿಗೆ ಬಂದ ದಿನ ಚಂಪಾಬಾಯಿ ಅದರಲ್ಲಿ ಮಗಳಿಗೆ ಆಡಿದ ಮಾತು ಒಂದೇ: "ಮಂದಾಕಿನಿ, ಹೊರಗ ಹೋಗು." ಮಗಳು ಹುಬ್ಬಳ್ಳಿಗೆ ಹೋದವಳು ಮತ್ತೆ ಬರಲಿಲ್ಲ. ಬಸ್ಸಿಗೆ ಒಂದು ತಾಸಿನ ಹಾದಿ, ಯಾರೂ ದಾಟಲಿಲ್ಲ.

ತೆರೆಯಲು ಬಾರದಿದ್ದರೂ ಕಂಟ್ರೋಲ್ ರೂಮಿನಿಂದ ಯಾರ ಫೋಲ್ಡರಿನ ಪಟ್ಟಿಯನ್ನಾದರೂ ಕಸ್ತೂರಿ ನೋಡಬಹುದಿತ್ತು, ಟಪಾಲಿನವನು ಪಾಕೀಟಿನ ಮೇಲಿನ ವಿಳಾಸ ನೋಡಿದ ಹಾಗೆ. ಅತ್ತೆಯ ಪಟ್ಟಿಯನ್ನು ತಾರೀಕಿನ ಪ್ರಕಾರ ಜೋಡಿಸಿದಳು. ದಿನಬಳಕೆಯ ಮಾತೆಲ್ಲ ಮೇಲಿದ್ದವು. ಪೆಟ್ಟಿಗೆ ಬಂದ ಹೊಸದರಲ್ಲಿ ಕಲಿಯಲೆಂದು ಒಮ್ಮೆ ಒತ್ತಿ ನೋಡಿ, ವರ್ಷದಿಂದ ಆಡದ ಮಾತುಗಳು ಕೆಳಗಿದ್ದವು, ಅವೂ ಕಡಿಮೆಯಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲಿನಲ್ಲಿ ಮಂದಾಕಿನಿ. ಹೊರಗ ಹೋಗು ಎಂದ ದಿನದ ತಾರೀಕು.

ಕಸ್ತೂರಿ ಆ ಸಾಲಿನ ಮೇಲೆ ಬೆರಳಿಟ್ಟಳು. ಅತ್ತೆ ಇಂದು ಸಿಟ್ಟಿನಲ್ಲಿದ್ದಾರೆ, ನಾಳೆ ಇಳಿದೀತು. ಇಳಿದ ದಿನ ಮಗಳನ್ನು ಕರೆಯಲು ಹೆಸರೇ ಇಲ್ಲದಿದ್ದರೆ? ನಿಜ ಹೇಳುವ ಹಾಗಿಲ್ಲ, ಆದರೆ ಆ ಹೆಸರನ್ನು ಒಮ್ಮೆ ಆಡಿಸಿದರೆ ಸಾಕಲ್ಲ ಎಂದು ಜಾಣತನಕ್ಕಿಳಿದಳು.

"ಅತ್ತಿಯವರ, ದೇವಲೋಕದಾಗ ಹರಿಯೂ ಗಂಗೀಗೆ ಏನಂತಾರ್ರಿ?"

"ಗಂಗಿ," ಎಂದಿತು ಪೆಟ್ಟಿಗೆ.

"ಅಲ್ರಿ, ಇನ್ನೊಂದ ಹೆಸರು ಐತೆಲ್ಲ?"

"ನಿಘಂಟು ನೋಡು."

ಇನ್ನೊಂದು ದಿನ ಹಳೆಯ ಫೋಟೋ ತಂದು ಮುಂದೆ ಹಿಡಿದಳು. "ಎರಡ ಜಡಿ ಹಾಕ್ಕೊಂಡ ಈ ಹುಡಿಗಿ ಯಾರ್ರಿ?"

ಚಂಪಾಬಾಯಿ ಕನ್ನಡಕ ಏರಿಸಿ ನೋಡಿದರು. "ನಿನ್ನ ಗಂಡನ ಅಕ್ಕ."

ಮಕ್ಕಳು ಕಳ್ಳಾಟ ಆಡುವುದನ್ನು ಮೂವತ್ತು ವರ್ಷ ನೋಡಿದ ಮಾಸ್ತರಬಾಯಿಯ ಮುಂದೆ ಸೊಸೆಯ ಆಟ ನಡೆಯುತ್ತದೆಯೇ? ಇರಲಿ, ನವಮಿಗೆ ಇನ್ನೂ ದಿನಗಳಿವೆ ಎಂದುಕೊಂಡಳು ಕಸ್ತೂರಿ. ಯಂತ್ರದ ತಾರೀಕು ನೋಡಿ ನೋಡಿ ಮನೆಯ ಪಂಚಾಂಗವನ್ನು ಮರೆತಿದ್ದಳು. ಮೂಲಾ ನಕ್ಷತ್ರದ ದಿನ ಕೆಲಸ ಮುಗಿಸಿ ಮನೆಗೆ ಬಂದರೆ ದೇವರ ಮುಂದೆ ಪುಸ್ತಕಗಳ ಮೇಲೆ, ಚೆಂಡುಹೂವಿನ ನಡುವೆ, ಕೊರಳಪೆಟ್ಟಿಗೆ ಕೂತಿತ್ತು. ಅತ್ತೆ ಪಾಟಿಯ ಮೇಲೆ ಬಳಪದಲ್ಲಿ ಬರೆದು ತೋರಿಸಿದರು: ನನ್ನ ವಿದ್ಯಾ ಇದರಾಗ ಐತಿ, ಪುಸ್ತಕದ ಜೋಡಿ ಇದೂ ಪೂಜಿಗೆ. ಇನ್ನು ದಶಮಿಯವರೆಗೆ ಅವರಿಗೆ ಮೌನ.

ನವಮಿಯ ಬೆಳಿಗ್ಗೆ ಕಸ್ತೂರಿ ಡ್ಯೂಟಿಗೆ ಹೊರಡುವ ಮುಂಚೆ ಅತ್ತೆಯ ಮುಂದೆ ಕುಕ್ಕರಿಸಿದಳು. ಇನ್ನು ಜಾಣತನ ಉಳಿದಿರಲಿಲ್ಲ.

"ಅತ್ತಿಯವರ, ಹೇಳಬಾರದ್ದು ಹೇಳ್ತೀನ್ರಿ. ಈ ಸಲ ಪಟ್ಟಿ ನೋಡಿದ್ರ ಕಡತ ಉಳಿಯೂದಿಲ್ಲ. ನಾನ ತಗದೀನಿ ಅದನ್ನ. ತೆರದಿದ್ದಷ್ಟ ಉಳೀತಾವು. ಮಧ್ಯಾಹ್ನ ಪೊರಕಿ ಈ ಓಣಿಗೆ ಬರ್ತೈತಿ. ನೀವು ಆಡದ ಮಾತೆಲ್ಲಾ ಹೋಗ್ತಾವು. ಮಂದಾಕಿನಿ ಅಕ್ಕಾರ ಹೆಸರೂ ಹೋಗ್ತೈತ್ರಿ."

ಚಂಪಾಬಾಯಿ ಪಾಟಿಯನ್ನು ಹತ್ತಿರ ಎಳೆದುಕೊಂಡರು. ಬರೆದರು: ಓಣ್ಯಾಗ ಗೊತ್ತೈತೇನು?

"ಇಲ್ರಿ. ಹೇಳಬ್ಯಾಡ ಅಂದಾರ."

ಬರೆದದ್ದನ್ನು ಒರೆಸಿ ಮತ್ತೆ ಬರೆದರು: ದೇವರ ಮುಂದ ಇಟ್ಟದ್ದು ದಶಮಿತನಕ ಎತ್ತೂದಿಲ್ಲ.

"ಮತ್ತ ಅಕ್ಕಾರ ಹೆಸರ್ರಿ?"

ಹೋಗ್ಲಿ, ಎಂದು ಬರೆದು ಪಾಟಿಯನ್ನು ಬೋರಲು ಹಾಕಿದರು. ಕಸ್ತೂರಿ ಕಣ್ಣೀರು ನುಂಗಿಕೊಂಡು ಬಸ್ಸು ಹತ್ತಿದಳು. ಹಾದಿಯುದ್ದಕ್ಕೂ ಅತ್ತೆಯ ಮೇಲೆ ಸಿಟ್ಟು ಬರುತ್ತಿತ್ತು, ಅದಕ್ಕಿಂತ ಹೆಚ್ಚು ತನ್ನ ಮೇಲೆ.

ಕಂಟ್ರೋಲ್ ರೂಮಿನಲ್ಲಿ ಪೊರಕೆ ಆಗಲೇ ನಡೆದಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ರಾಜ್ಯದ ನಕ್ಷೆ, ಗುಡಿಸಿದ ಊರು ಬೂದು ಬಣ್ಣ. ಬೀದರ ಕಡೆಯಿಂದ ಬೂದು ಇಳಿದು ಬರುತ್ತಿತ್ತು. ಆ ಊರುಗಳಲ್ಲೆಲ್ಲ ಜನ ಫೋನಿಗೆ ಕುಂಕುಮ ಹಚ್ಚಿ, ಕಣ್ಣೋಟ ಹಾಯಿಸಿ, ಉಳಿಯಿತು ಎಂದು ಕೈಮುಗಿಯುತ್ತಿರಬೇಕು. ಕಸ್ತೂರಿ ನಕ್ಷೆಯಿಂದ ಮುಖ ತಿರುಗಿಸಿ ತನ್ನ ಮೇಜಿನ ಪರದೆಯಲ್ಲಿ ಅತ್ತೆಯ ಪಟ್ಟಿಯನ್ನು ತೆರೆದು ಕೂತಳು. ಮೌನದ ಪಟ್ಟಿ, ಮೂರು ದಿನದಿಂದ ಒಂದು ಸಾಲೂ ಕದಲಿರಲಿಲ್ಲ.

ಗದಗಿನ ಸರದಿ ಹತ್ತಿರವಾದಾಗ ಒಂದು ಸಾಲು ಜಿಗಿದು ಮೇಲೆ ಬಂತು. ಕೇಳ್ರಿ. ಇಂದಿನ ತಾರೀಕು, ಈಗಿನ ಹೊತ್ತು.

ಕಸ್ತೂರಿಯ ಕೈ ಬಾಯಿಗೆ ಹೋಯಿತು. ಅತ್ತೆ ಪೆಟ್ಟಿಗೆ ಎತ್ತಿದ್ದಾರೆ! ದೇವರ ಮುಂದಿನಿಂದ ಎತ್ತಿ ಮಾತಾಡುತ್ತಿದ್ದಾರೆ. ಸಂತೋಷಕ್ಕೆ ಅವಳ ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಒರೆಸಿಕೊಂಡು ನೋಡಿದಳು. ಶಾಂತವ್ವ ಎಂಬ ಸಾಲು ಮೇಲೆ ಬಂತು. ತೆರಿ ಎಂಬುದು ಬಂತು. ಎಲ್ಲಾ ಬಂತು. ಈಗ ಬಂತು. ರುಕ್ಸಾನಾ ಬಂತು, ಮತ್ತೆ ತೆರಿ ಮೇಲೆ ಬಂದು ಕೂತಿತು. ನಿಂಗಪ್ಪ, ತೆರಿ. ಕೂಸಿನ, ಫೋಟೋ, ತೆರಿ.

ಮಾತುಗಳನ್ನು ಉಳಿಸಿಕೊಳ್ಳುವವರು ಒಂದೇ ಮಾತನ್ನು ಹತ್ತು ಸಲ ಯಾಕೆ ಆಡುತ್ತಾರೆ? ಕಸ್ತೂರಿಗೆ ಒಂದು ಗಳಿಗೆ ತಿಳಿಯಲಿಲ್ಲ. ಹೆಸರುಗಳ ಸರದಿ ನೋಡಿದ ಮೇಲೆ ತಿಳಿಯಿತು. ಶಾಂತವ್ವನದು ಓಣಿಯ ಮೊದಲ ಮನೆ, ಪಕ್ಕದ್ದು ರುಕ್ಸಾನಾಳದು, ಅದರಾಚೆ ನಿಂಗಪ್ಪನ ಮಗ್ಗದ ಮನೆ. ಅತ್ತೆ ಓಣಿಯಲ್ಲಿ ಬಾಗಿಲು ಬಾಗಿಲಿಗೆ ನಿಂತು ಹೆಸರು ಹಿಡಿದು ಕರೆಯುತ್ತಿದ್ದಾರೆ. ಈ ಗೋಡೆ ದಾಟಬಾರದ ಮಾತನ್ನು, ಮಗ್ಗದ ಸದ್ದನ್ನೂ ಮೀರಿ ಕೇಳುವ ಆ ದನಿಯಲ್ಲಿ, ಊರಿಗೇ ಹೇಳುತ್ತಿದ್ದಾರೆ.

ನಕ್ಷೆಯಲ್ಲಿ ಬೆಟಗೇರಿ ಕೆಂಪಾಗತೊಡಗಿತು. ಹೊರೆ ಏರುತ್ತಿತ್ತು. ಶಿರೋಳ ಸಾಹೇಬರು ಓಡಿಬಂದರು.

"ಯಾರಿಗೆ ಹೇಳಿದ್ರಿ?"

"ನಮ್ಮ ಅತ್ತಿಯವರಿಗ್ರಿ."

ಸಾಹೇಬರು ಕೆಂಪು ಚುಕ್ಕೆಯನ್ನು ನೋಡಿದರು, ಗಾಳಿಯ ಮಾಪಕವನ್ನು ನೋಡಿದರು. ಗುಡ್ಡದ ಮೇಲೆ ಗಾಳಿ ಚೆನ್ನಾಗಿಯೇ ಇತ್ತು. "ಒಂದ ಓಣಿ ತಡೀತೈತಿ," ಎಂದರು ಮೆಲ್ಲಗೆ. "ಹಬ್ಬಿದ್ರ ನಾ ಲೈನು ಕಡಿಯಾಂವ. ನಾಳೆ ನಿಮಗ ನೋಟೀಸ್ ಬರ್ತೈತಿ, ಅದನ್ನ ನಾ ತಡಿಯಾಕ ಆಗೂದಿಲ್ಲ."

ನೋಟೀಸು ಕಸ್ತೂರಿಯ ಕಿವಿಗೆ ಬೀಳಲಿಲ್ಲ. ಪಟ್ಟಿಯ ಕೆಳತುದಿಯಲ್ಲಿ ಮಂದಾಕಿನಿ ಇನ್ನೂ ಅಲ್ಲೇ ಇತ್ತು. ಅವಳು ಮನೆಗೆ ಫೋನು ಹಚ್ಚಿದಳು, ಎತ್ತುವವರಿರಲಿಲ್ಲ. ರುಕ್ಸಾನಾಳಿಗೆ ಹಚ್ಚಿದಳು, ಓಣಿಗೆ ಓಣಿಯೇ ಕಡತ ತೆರೆಯುವುದರಲ್ಲಿ ಲೈನು ಸಿಗಲಿಲ್ಲ. "ಅನ್ರಿ ಅತ್ತಿಯವರ, ಒಂದ ಸಲ ಅನ್ರಿ," ಎಂದು ಪರದೆಗೆ ಹೇಳಿದಳು. ಮೇಲೆ ಈರಪ್ಪ ಬಂತು. ತೆರಿ ಬಂತು. ಓಣಿಯಲ್ಲಿ ಈರಪ್ಪನದು ಕೊನೆಯಿಂದ ಎರಡನೆಯ ಮನೆ.

ಆಗ ಪಟ್ಟಿಯ ಬುಡ ಅಲುಗಿತು. ಪೊರಕೆ ಬಂದಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಕೆಳಗಿನಿಂದ ಸಾಲುಗಳು ಒಂದೊಂದೇ ಇಲ್ಲವಾದವು. ಮೊದಲು ಹೋದದ್ದು ಕೊನೆಯ ಸಾಲು. ಕಸ್ತೂರಿ ಮುಖ ಮುಚ್ಚಿಕೊಂಡು ಅತ್ತಳು. ಚಿತ್ರ ಚೆಂದ ಕಾಣಲಿ ಎಂದು ಇಣುಕಿಸಿದವಳೂ ತಾನೇ, ಆ ಇಣುಕನ್ನು ಮುಚ್ಚಿದವಳೂ ತಾನೇ ಎಂದು ಅತ್ತಳು.

ಸಂಜೆ ಅವಳು ಬಸ್ಸಿಳಿದಾಗ ಓಣಿಯಲ್ಲಿ ಮಗ್ಗಗಳು ಪೂಜೆಗೊಂಡು ಸುಮ್ಮನಿದ್ದವು. ಕಟ್ಟೆ ಕಟ್ಟೆಯ ಮೇಲೆ ಜನ ಫೋನು ಹಿಡಿದು ಕೂತಿದ್ದರು. ಯಾರದೋ ಮದುವೆಯ ವಾಲಗ ಕೇಳುತ್ತಿತ್ತು, ಶಾಂತವ್ವ ಸತ್ತ ಮಗನ ಶಾಲೆಯ ಫೋಟೋವನ್ನು ಎಲ್ಲರಿಗೂ ತೋರಿಸುತ್ತಿದ್ದಳು. ಕಸ್ತೂರಿಯನ್ನು ಕಂಡು ಕೆಲವರು ಮುಖ ತಿರುಗಿಸಿದರು. ಚಂಪಾಬಾಯಿ ಮನೆಯ ಕಟ್ಟೆಯ ಮೇಲೆ ಗೋಡೆಗೊರಗಿ ಕೂತಿದ್ದರು. ದಣಿದು ಮುಖ ಬಾಡಿತ್ತು. ಎದೆಯ ಮೇಲಿನ ಪೆಟ್ಟಿಗೆಯ ತುಂಬ ಕುಂಕುಮ.

"ಎಲ್ಲಾರಿಗೂ ಹೇಳಿದ್ರಿ," ಎಂದಳು ಕಸ್ತೂರಿ, ಅವರ ಕಾಲ ಬಳಿ ಕೂತು. "ಅಕ್ಕಾರ ಹೆಸರು ಯಾಕ ಅನ್ಲಿಲ್ರಿ? ಒಂದ ಸಲ ಬೆರಳ ಒತ್ತಿದ್ರ ಸಾಕಿತ್ತು."

ಚಂಪಾಬಾಯಿಯ ಬೆರಳು ನಿಧಾನವಾಗಿ ಆಡಿತು. ಪೆಟ್ಟಿಗೆ ಒಂದೊಂದೇ ಮಾತನ್ನು ಹೆಕ್ಕಿ ಆಡಿತು. "ಊಟಕ್ಕ ಬಡಸೂವಾಗ, ಮೊದಲ ಮಂದಿ. ಮನಿಯವರು ಕಡೀಕ. ನಮ್ಮದು ಕಡೀಕ ಅಂತ ಇಟ್ಟಿದ್ದೆ."

ಆಯುಷ್ಯವಿಡೀ ಪಂಕ್ತಿಯ ಕೊನೆಗೆ ತಾವು ಉಂಡವರು, ಎಷ್ಟೋ ಸಲ ಸಾರು ತೀರಿಹೋದ ಮೇಲೆ ಉಂಡವರು. ಇಂದೂ ಹಾಗೇ ಮಾಡಿದ್ದರು.

"ಫೋನು ಹಚ್ಚು," ಎಂದಿತು ಪೆಟ್ಟಿಗೆ. ಯಾರಿಗೆ ಎಂದು ಅವರು ಹೇಳಲಿಲ್ಲ, ಹೇಳಲು ಬರುತ್ತಲೂ ಇರಲಿಲ್ಲ.

ಕಸ್ತೂರಿ ಹುಬ್ಬಳ್ಳಿಗೆ ಹಚ್ಚಿ ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದಳು. "ಹಲೋ, ಕಸ್ತೂರಿ? ಅವ್ವ ಆರಾಮ ಅದಾಳಿಲ್ಲೋ?" ಎಂದು ಆ ಕಡೆಯ ದನಿ ಹೆದರಿ ಕೇಳಿತು.

"ನಾನು. ನಿಮ್ಮವ್ವ."

ತರಗತಿಯಲ್ಲಿ ಪಾಠ ಹೇಳುತ್ತಿದ್ದ ಅದೇ ಗಟ್ಟಿ ದನಿ. ಆ ಕಡೆ ಬಿಕ್ಕುವುದು ಕೇಳಿಸಿತು.

"ಅವ್ವಾ... ನಾ ಮಾಡಿದ್ದು ಸರಿನೋ ತಪ್ಪೋ ನನಗ ಇವತ್ತಿಗೂ ಗೊತ್ತಿಲ್ಲ. ನೀ ಬದುಕಬೇಕಿತ್ತು, ಅಷ್ಟ. ಬೈಯೂದಿದ್ರ ಬೈ. ಆದ್ರ ಒಮ್ಮೆ ಹೆಸರ ಹಿಡದ ಕರಿಯವ್ವ. ಎಷ್ಟ ದಿನಾ ಆತು ನಿನ್ನ ಬಾಯಾಗ ನನ್ನ ಹೆಸರ ಕೇಳಿ."

ಚಂಪಾಬಾಯಿಯ ಬೆರಳು ಪೆಟ್ಟಿಗೆಯ ಪರದೆಯ ಮೇಲೆ ಹುಡುಕಿತು. ಮಂಗಳವಾರ ಇತ್ತು, ಮಂದಿ ಇತ್ತು, ಮಕ್ಕಳು ಇತ್ತು. ಬೆರಳು ಮತ್ತೆ ಮೊದಲಿನಿಂದ ಕೆಳಗಿಳಿದು ಅಲ್ಲೇ ನಿಂತಿತು. ಅವರು ಪೆಟ್ಟಿಗೆಯನ್ನು ಕೊರಳಿನಿಂದ ತೆಗೆದು ಕಟ್ಟೆಯ ಮೇಲಿಟ್ಟರು. ಫೋನನ್ನು ಎರಡೂ ಕೈಯಲ್ಲಿ ಮುಖದ ಹತ್ತಿರ ಹಿಡಿದು ಬಾಯಿ ತೆರೆದರು. ತುಟಿಗಳು ನಾಲ್ಕು ಅಕ್ಷರವನ್ನು ಒಂದೊಂದಾಗಿ ಆಡಿದವು. ಗಾಳಿಯಷ್ಟೂ ಸದ್ದು ಬರಲಿಲ್ಲ. ಮತ್ತೆ ಆಡಿದರು.

"ಅವ್ವಾ? ಇನ್ನೂ ಸಿಟ್ಟ ಐತೇನು? ಯಾಕ ಕರೀವಲ್ಲಿ?"

ಕಸ್ತೂರಿ ಬಾಗಿ ಫೋನಿನ ಹತ್ತಿರ ಬಾಯಿ ತಂದಳು.

"ಕರೀಲಿಕತ್ತಾರ್ರೀ ಅಕ್ಕಾರ," ಎಂದಳು. "ಫೋನಿನ್ಯಾಗ ಕೇಳೂದಿಲ್ರಿ. ಈಗಿಂದೀಗ ಬಸ್ ಹತ್ತಿ ಬರ್ರಿ, ಬಂದು ಎದುರಿಗೆ ನಿಂತು ನೋಡ್ರಿ."